ಬೆಳ್ಳಗಾದ ಹವಳ ಇನ್ನೂ ಸತ್ತಿಲ್ಲ!

ಅಜ್ಜಿಯಂದಿರ ಕೊರಳಲ್ಲಿ ಕೆಂಪಗೆ ಹೊಳೆಯುವ ಹವಳ ಕಲ್ಲೋ, ಗಿಡವೋ, ಪ್ರಾಣಿಯೋ? ಮನೆಯಲ್ಲಿ ಎಲ್ಲರನ್ನೂ ಒಮ್ಮೆ ಕೇಳಿ ನೋಡಿ. ಸರಿ ಉತ್ತರ: ಅದು ಪ್ರಾಣಿ ಕಟ್ಟಿದ ಕಲ್ಲು. ಸಮುದ್ರದ ತಳಕ್ಕೆ ಅಂಟಿಕೊಂಡು ಬದುಕುವ, ಪಾಲಿಪ್ ಎಂಬ ಪುಟ್ಟ ಜೀವಿಗಳು ನೀರಿನಲ್ಲಿರುವ ಸುಣ್ಣದ ಅಂಶದಿಂದ ಅದನ್ನು ಕಟ್ಟುತ್ತವೆ.

ಈ ಕೆಂಪು ಹವಳಕ್ಕೆ ದೂರದ ನೆಂಟರಿದ್ದಾರೆ. ಅವರು ಬಿಸಿಲು ಇಳಿಯುವ ಬೆಚ್ಚನೆಯ ನೀರಿನಲ್ಲಿ ಸಾವಿರಾರು ವರ್ಷ ಕೂಡಿ ದುಡಿದು ದೊಡ್ಡ ದಿಬ್ಬಗಳನ್ನೇ ಕಟ್ಟುತ್ತಾರೆ. ಅರಬ್ಬೀ ಸಮುದ್ರದ ಲಕ್ಷದ್ವೀಪ ನಿಂತಿರುವುದು ಇಂಥ ದಿಬ್ಬಗಳ ಮೇಲೆಯೇ. ನಮ್ಮ ಮಂಗಳೂರಿನ ಬಂದರಿನಿಂದ ಅಲ್ಲಿಗೆ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಹಡಗಿನಲ್ಲಿ ಹೋಗುತ್ತವೆ. ಆ ದ್ವೀಪಗಳು ನೀರಿನಿಂದ ಕೆಲವೇ ಮೀಟರ್ ಎತ್ತರ. ದೊಡ್ಡ ಅಲೆಗಳು ಮೊದಲು ಹವಳದ ದಿಬ್ಬಕ್ಕೆ ಬಡಿದು ಸೋಲುತ್ತವೆ. ಆದ್ದರಿಂದಲೇ ದಡದ ಮನೆ, ತೆಂಗಿನ ಮರಗಳು ಉಳಿದಿವೆ.

ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬಾಡಿಗೆಗೆ ಇರುತ್ತವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಮನೆಯ ಯಜಮಾನನಿಗೇ ಕೊಡುತ್ತವೆ. ಹವಳದ ಬಣ್ಣವೂ ಬಹುಮಟ್ಟಿಗೆ ಅವುಗಳದ್ದೇ. ಆದರೆ ಬೇಸಿಗೆಯ ವಾಡಿಕೆಯ ಬಿಸಿಗಿಂತ ನೀರು ಒಂದು ಡಿಗ್ರಿಯಷ್ಟು ಹೆಚ್ಚಾಗಿ, ಕೆಲವು ವಾರ ಹಾಗೇ ಉಳಿದರೆ ಪಾಚಿಯ ಅಡುಗೆಯೇ ಕೆಟ್ಟು ವಿಷವಾಗತೊಡಗುತ್ತದೆ. ಆಗ ಪಾಲಿಪ್ ಬೇರೆ ದಾರಿಯಿಲ್ಲದೆ ಪಾಚಿಯನ್ನು ಹೊರಗಟ್ಟುತ್ತದೆ. ಬಣ್ಣ ಹೋಗಿ, ಪಾರದರ್ಶಕ ಮೈಯೊಳಗಿನ ಬಿಳಿ ಸುಣ್ಣ ಕಾಣುತ್ತದೆ.

ಬೆಳ್ಳಗಾದ ಹವಳ ಸತ್ತಿಲ್ಲ, ಉಪವಾಸವಿದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಬರುತ್ತದೆ, ಹವಳ ಚೇತರಿಸಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಎಲ್ಲ ಹವಳಗಳ ತಾಳ್ಮೆಯೂ ಒಂದೇ ಅಲ್ಲ. ಜಿಂಕೆಯ ಕೊಂಬಿನಂತೆ ಕವಲೊಡೆದು ಬೇಗ ಬೆಳೆಯುವ ಹವಳಗಳು ಸಾಮಾನ್ಯವಾಗಿ ಮೊದಲು ಸಾಯುತ್ತವೆ. ಗುಂಡುಕಲ್ಲಿನಂತೆ ನಿಧಾನವಾಗಿ ಬೆಳೆಯುವವು ಹೆಚ್ಚು ತಡೆದುಕೊಳ್ಳುತ್ತವೆ. ಕವಲುಗಳು ಮುರಿದು ಬಿದ್ದಾಗ ಅವುಗಳ ಸಂದಿಯಲ್ಲಿ ಅಡಗುತ್ತಿದ್ದ ಸಣ್ಣ ಮೀನುಗಳಿಗೂ ಮನೆ ಇಲ್ಲವಾಗುತ್ತದೆ.

ಸತ್ತ ಹವಳದ ಮೇಲೆ ಬೇರೆ ಜಾತಿಯ ಪಾಚಿ ಹುಲ್ಲಿನಂತೆ ಹಬ್ಬುತ್ತದೆ. ನೀರಿನಲ್ಲಿ ತೇಲಿ ಬರುವ ಹವಳದ ಮರಿಗಳಿಗೆ ಆಗ ಅಂಟಿಕೊಳ್ಳಲು ಜಾಗವೇ ಸಿಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಗಿಣಿಮೀನು. ಗಿಣಿಯ ಕೊಕ್ಕಿನಂಥ ಹಲ್ಲಿನಿಂದ ಅದು ಕಲ್ಲನ್ನೇ ಕೆರೆದು ಪಾಚಿ ತಿನ್ನುತ್ತದೆ. ನುಂಗಿದ ಸುಣ್ಣವನ್ನು ಮರಳಾಗಿ ವಿಸರ್ಜಿಸುತ್ತದೆ. ಹವಳ ದ್ವೀಪಗಳ ಬಿಳಿ ಮರಳಿನಲ್ಲಿ ಗಿಣಿಮೀನಿನ ಹೊಟ್ಟೆಯಿಂದ ಬಂದ ಪಾಲೂ ಇದೆ ಎಂದರೆ ನಗಬೇಡಿ, ನಿಜ!

ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ಬಿಸಿನೀರಿಗೆ ಸಿಕ್ಕಿ ಬೆಳ್ಳಗಾದವು. ಮೊದಲ ಪೆಟ್ಟಿನ ನಂತರ ಸುಧಾರಿಸಿಕೊಳ್ಳಲು ಹನ್ನೆರಡು ವರ್ಷ ಸಿಕ್ಕಿತ್ತು, ಆಮೇಲೆ ಆರು, ಎಂಟು ವರ್ಷ ಮಾತ್ರ. ಜ್ವರ ಬಿಟ್ಟು ಮೈಗೆ ಶಕ್ತಿ ಬರುವ ಮೊದಲೇ ಮತ್ತೆ ಜ್ವರ ಬಂದರೆ ಹೇಗಿರುತ್ತದೆ, ಹಾಗೆ. 1998ರಿಂದ ಸುಮಾರು ಕಾಲು ಶತಮಾನದಲ್ಲಿ ಅಲ್ಲಿ ಸಂಶೋಧಕರು ಗಮನಿಸಿದ ದಿಬ್ಬಗಳ ಮೇಲಿನ ಜೀವಂತ ಹವಳ ಅರ್ಧದಷ್ಟಕ್ಕೆ ಇಳಿದಿದೆ.

ಸಮುದ್ರವನ್ನು ಕಾಯಿಸುತ್ತಿರುವುದು ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದ ಹೊಗೆ. ಅದನ್ನು ತಗ್ಗಿಸುವುದು ಇಡೀ ಲೋಕದ ಕೆಲಸ, ಸಣ್ಣ ದ್ವೀಪವೊಂದರಿಂದ ಆಗದು. ಆದರೆ ದ್ವೀಪದವರ ಕೈಯಲ್ಲೂ ಒಂದು ಕೆಲಸವಿದೆ. ಲಕ್ಷದ್ವೀಪದ ಮೀನುಗಾರರು ಬಹುಕಾಲದಿಂದ ಹೊರಗಡಲಿಗೆ ಹೋಗಿ ಕೋಲಿಗೆ ದಾರ ಕಟ್ಟಿ, ಟ್ಯೂನಾ ಮೀನನ್ನು ಒಂದೊಂದಾಗಿ ಎಳೆದು ಹಿಡಿಯುತ್ತಾ ಬಂದಿದ್ದಾರೆ. ಹೀಗಾಗಿ ದಿಬ್ಬದ ಮೀನುಗಳಿಗೆ ಅಷ್ಟಾಗಿ ಕೈ ಬಿದ್ದಿರಲಿಲ್ಲ. ಈಗ ಅವುಗಳಿಗೂ ಬೇಡಿಕೆ ಹೆಚ್ಚುತ್ತಿದೆ. ಗಿಣಿಮೀನು ಬಲೆಯಿಂದ ತಪ್ಪಿಸಿಕೊಂಡು ಕಲ್ಲು ಕೆರೆಯುತ್ತಿದ್ದರೆ, ಮುಂದಿನ ಬಿಸಿಗೆ ಮುನ್ನ ಒಂದಿಷ್ಟು ಹವಳದ ಮರಿಗಳಿಗಾದರೂ ನೆಲೆ ಸಿಕ್ಕೀತು.