ಯಂತ್ರವಿದ್ಯೆಯೂ ವಕೀಲಿಯೂ: ಎರಡು ಪದವಿಗಳ ದಾರಿ

ನಮ್ಮ ವಾಚನಾಲಯಕ್ಕೆ ಬರುವ ತರುಣರು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ಮೆಕ್ಯಾನಿಕಲ್ ಎಂಜಿನಿಯರಿಂಗನ್ನೂ ಕಾನೂನನ್ನೂ ಒಟ್ಟಿಗೆ ಓದಬಹುದೇ? ಓದಿದರೆ ಪ್ರಯೋಜನವೇನು?" ಹಗಲೆಲ್ಲ ದುಡಿದು ಊರಿಗೂ ಹಣ ಕಳುಹಿಸುವವನಿಗೆ ಇದು ಬರಿಯ ಕುತೂಹಲದ ಮಾತಲ್ಲ. ಒಂದು ತಪ್ಪು ಹೆಜ್ಜೆಗೆ ಹಲವು ವರ್ಷಗಳ ಉಳಿತಾಯ ಕರಗಿಹೋದೀತು. ಆದುದರಿಂದ ವಿಷಯವನ್ನು ಇಲ್ಲಿ ಕ್ರಮವಾಗಿ ವಿವರಿಸುತ್ತೇವೆ.

ಮೊದಲು, ಈ ಎರಡು ವಿದ್ಯೆಗಳಿಗೆ ಸಂಬಂಧವೇನು? ನಮ್ಮ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಎಂಜಿನಿಯರರಾಗಿದ್ದಾಗ, ನೆರೆ ಬಂದರೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿ ಅವಕ್ಕೆ ಪೇಟೆಂಟು ಪಡೆದರು. 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯದಲ್ಲಿ ಅವನ್ನು ಮೊದಲು ಅಳವಡಿಸಲಾಯಿತು. ಬಾಗಿಲನ್ನು ರೂಪಿಸುವುದು ಯಂತ್ರವಿದ್ಯೆ. ಅದು ಯಾರ ರಚನೆಯೆಂಬುದನ್ನು ನಿಲ್ಲಿಸಿಕೊಡುವುದು ಕಾನೂನು.

ಇಂದು ಜಾರಿಯಲ್ಲಿರುವುದು 1970ರ ಪೇಟೆಂಟು ಕಾಯಿದೆ. ಅದರ ಪ್ರಕಾರ ರಚನೆಯು ಹೊಸದಾಗಿರಬೇಕು, ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದಾಗಿರಬಾರದು, ಉದ್ಯಮಕ್ಕೆ ಉಪಯೋಗವಾಗುವಂತಿರಬೇಕು. ಹಕ್ಕು ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅರ್ಜಿಯಲ್ಲಿ ಯಂತ್ರದ ವಿವರ ಕೊಟ್ಟು, ಹಕ್ಕಿನ ಎಲ್ಲೆಯನ್ನು ಶಬ್ದಗಳಲ್ಲಿ ಗುರುತಿಸಬೇಕು. ಹೊಲದ ಗಡಿಕಲ್ಲಿದ್ದಂತೆ ಅದು. ಕಲ್ಲು ಒಳಗೆ ಸರಿದರೆ ನಷ್ಟ, ಹೊರಗೆ ಸರಿದರೆ ವ್ಯಾಜ್ಯ. ಯಂತ್ರ ತಿಳಿಯದವನು ಈ ಗಡಿಯನ್ನು ಹಾಕಲಾರ; ಕಾಯಿದೆ ತಿಳಿಯದವನು ಕಾಯಲಾರ.

ಕಾರ್ಖಾನೆಯ ಅಪಘಾತಗಳಲ್ಲಿಯೂ ಹಾಗೆಯೇ. ಕೆಲಸಗಾರನ ಕೈ ಯಂತ್ರಕ್ಕೆ ಸಿಲುಕಿದಾಗ ರಕ್ಷಣೆಯ ಬೇಲಿ ಸರಿಯಿತ್ತೇ ಎಂದು ನೋಡಲು ಎಂಜಿನಿಯರು ಬೇಕು. ಹೊಣೆ ಯಾರದೆಂದು ವಾದಿಸಲು ವಕೀಲನು ಬೇಕು. ಎರಡನ್ನೂ ಬಲ್ಲವನೊಬ್ಬನಿದ್ದರೆ ಬಡವನಿಗೆ ಎಷ್ಟು ಅನುಕೂಲ!

ಇನ್ನು ದಾರಿಯ ವಿಚಾರ. ಆಸ್ಟ್ರೇಲಿಯದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಪ್ರವೇಶದಲ್ಲಿ ಎರಡೂ ಪದವಿಗಳನ್ನು ಪಡೆಯಬಹುದು. ನಮ್ಮ ದೇಶದಲ್ಲಿ ಬಾರ್ ಕೌನ್ಸಿಲಿನ 2008ರ ನಿಯಮಗಳು ಒಂದೇ ಸಂಸ್ಥೆ ಹೆಣೆದು ನಡೆಸುವ ಸಂಯುಕ್ತ ಪದವಿಗೆ ಒಪ್ಪಿಗೆ ಕೊಟ್ಟಿವೆ. ಆದರೆ ಒಂದು ಕಡೆ ಕಾನೂನು, ಇನ್ನೊಂದು ಕಡೆ ಬೇರೆ ಪದವಿ ಎಂದು ಏಕಕಾಲಕ್ಕೆ ಹೆಸರು ಹಚ್ಚುವುದನ್ನು ಅವೇ ನಿಯಮಗಳು ನಿಷೇಧಿಸಿವೆ. ಆದುದರಿಂದ ಸಾಮಾನ್ಯರ ದಾರಿ ಒಂದರ ಮೇಲೊಂದು: ನಾಲ್ಕು ವರ್ಷ ಎಂಜಿನಿಯರಿಂಗ್, ಆಮೇಲೆ ಮೂರು ವರ್ಷ ಎಲ್‌ಎಲ್.ಬಿ.; ಒಟ್ಟು ಏಳು ವರ್ಷ. ಖರಗಪುರದ ಐ.ಐ.ಟಿ.ಯಲ್ಲಿ 2006ರಲ್ಲಿ ಆರಂಭವಾದ ಕಾನೂನು ಶಾಲೆಯು ಎಂಜಿನಿಯರಿಂಗ್ ಮುಂತಾದ ಪದವೀಧರರಿಗೆಂದೇ ಇಂತಹ ಮೂರು ವರ್ಷದ ಶಿಕ್ಷಣವನ್ನು ತೆರೆಯಿತು.

ಮುಂಬಯಿಯಲ್ಲಿಯೇ ಇದ್ದು ಓದುವವರಿಗೆ ಎರಡು ಹಳೆಯ ಹೆಸರುಗಳಿವೆ. 1887ರಲ್ಲಿ ಸ್ಥಾಪನೆಯಾದ, ಈಗ ಮಾಟುಂಗಾದಲ್ಲಿರುವ ವಿ.ಜೆ.ಟಿ.ಐ. ಒಂದು; ಚರ್ಚ್‌ಗೇಟಿನ ಬಳಿ 1855ರ ಗವರ್ನ್‌ಮೆಂಟ್ ಲಾ ಕಾಲೇಜು ಇನ್ನೊಂದು. ಡಾ. ಅಂಬೇಡ್ಕರರು 1935ರಲ್ಲಿ ಈ ಕಾಲೇಜಿನ ಪ್ರಿನ್ಸಿಪಾಲರಾದರು. ಮೂರು ವರ್ಷದ ಎಲ್‌ಎಲ್.ಬಿ.ಗೆ ಮಹಾರಾಷ್ಟ್ರ ಸರಕಾರದ ಪ್ರವೇಶ ಪರೀಕ್ಷೆ ಬರೆಯಬೇಕು. ಸಾಮಾನ್ಯ ವರ್ಗದವರು ಪದವಿಯಲ್ಲಿ ಕನಿಷ್ಠ ಶೇಕಡ 45 ಅಂಕ ಪಡೆದಿರಬೇಕು. ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳಿಗೆ ರಿಯಾಯಿತಿ ಇದೆ.

ನೌಕರಿಯಲ್ಲಿರುವವರು ಮೂರು ಮಾತುಗಳನ್ನು ಲಕ್ಷ್ಯದಲ್ಲಿಡಬೇಕು. ಮೊದಲನೆಯದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ನಮ್ಮ ಹಿರಿಯರಂತೆ ಇಂದು ರಾತ್ರಿ ಕಾನೂನು ಓದಲಾಗದು. 2008ರ ನಿಯಮಗಳ ಪ್ರಕಾರ ಪಾಠ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಶೇಕಡ 70 ಹಾಜರಿಯನ್ನೂ ಅವು ಕೇಳುತ್ತವೆ. ಎರಡನೆಯದು, ಅಂಚೆಯ ಮೂಲಕ ಪಡೆದ ಪದವಿಯ ಜಾಹೀರಾತಿಗೆ ಮರುಳಾಗಬಾರದು. ಅಂಚೆಯ ಎಲ್‌ಎಲ್.ಬಿ. ಪಡೆದವನಿಗೆ ವಕೀಲಿಯ ಸನ್ನದು ಸಿಗದು. ಕೆಲವು ಸಂಸ್ಥೆಗಳು ಹೀಗೆ ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು 2017ರಲ್ಲಿ ಸುಪ್ರೀಂ ಕೋರ್ಟು ತಡೆಹಿಡಿದುದನ್ನು ನೆನೆಯಬೇಕು. ಮೂರನೆಯದು, ಪೂರ್ಣಾವಧಿ ಸಂಬಳದ ನೌಕರನು ವಕೀಲಿ ನಡೆಸುವಂತಿಲ್ಲ. ಸನ್ನದು ಪಡೆದು ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ ತೇರ್ಗಡೆಯಾದರೂ, ಕೋರ್ಟಿನಲ್ಲಿ ನಿಲ್ಲಬೇಕಾದರೆ ತಿಂಗಳ ಸಂಬಳವನ್ನು ಬಿಡಬೇಕು. ಮನೆಯವರೊಡನೆ ಮೊದಲೇ ಮಾತಾಡಬೇಕಾದ ವಿಷಯವಿದು.

ಹಾಗಾದರೆ ಏಳು ವರ್ಷ ಕೊಡಲಾಗದವನು ಆಸೆ ಬಿಡಬೇಕೇ? ಬಿಡಬೇಕಾಗಿಲ್ಲ. ಪೇಟೆಂಟು ಏಜೆಂಟನಾಗಲು ಕಾನೂನು ಪದವಿಯ ಅಗತ್ಯವಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಭಾರತದ ಪ್ರಜೆಯಾಗಿ, 21 ವರ್ಷ ತುಂಬಿ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆದವನು ಪೇಟೆಂಟು ಕಚೇರಿಯ ಅರ್ಹತಾ ಪರೀಕ್ಷೆಗೆ ಕೂರಬಹುದು. ಲಿಖಿತ ಪತ್ರಿಕೆಗಳು ಎರಡು, ಜೊತೆಗೆ ಮೌಖಿಕ. ತೇರ್ಗಡೆಯಾಗಿ ಹೆಸರು ನೋಂದಾಯಿಸಿಕೊಂಡವನು ಅರ್ಜಿಗಳನ್ನು ಬರೆದು, ಪೇಟೆಂಟು ಅಧಿಕಾರಿಯ ಮುಂದೆ ಕಕ್ಷಿಯ ಪರವಾಗಿ ನಡೆಸಬಹುದು. ಆ ಕಚೇರಿಯೂ ದೂರವಿಲ್ಲ. ನಮ್ಮ ಆಂಟಾಪ್ ಹಿಲ್ಲಿನಲ್ಲಿಯೇ ಇದೆ. ಹೈಕೋರ್ಟಿನಲ್ಲಿ ವಾದಿಸುವ ಆಸೆ ಮುಂದೆ ಹುಟ್ಟಿದರೆ ಆಗ ಎಲ್‌ಎಲ್.ಬಿ.ಗೆ ಸೇರಬಹುದು.

ನಮ್ಮ ಸಲಹೆ ಇಷ್ಟೇ. ಮೊದಲು ಎಂಜಿನಿಯರಿಂಗ್ ಮುಗಿಸಿ, ಕೈಗೆ ಒಂದು ಸಂಪಾದನೆ ಬರಲಿ. ಆಮೇಲೆ ಕಾನೂನಿನ ಮೆಟ್ಟಿಲು ಹತ್ತಿರಿ. ಹಣ ಕಟ್ಟುವ ಮೊದಲು ಕಾಲೇಜಿಗೆ ಬಾರ್ ಕೌನ್ಸಿಲಿನ ಮಾನ್ಯತೆ ಇದೆಯೇ, ಪಾಠ ಎಷ್ಟು ಹೊತ್ತಿಗೆ, ನಿಮ್ಮ ಪಾಳಿಗೆ ಅದು ಹೊಂದುವುದೇ ಎಂದು ಸ್ವತಃ ಹೋಗಿ ವಿಚಾರಿಸಿರಿ. ಒಂದು ದಿನದ ರಜೆ ಹೋದರೆ ಹೋಗಲಿ. ಮೂರು ವರ್ಷ ಉಳಿದೀತು.