ಕಂಬಳದ ಗದ್ದೆಯಲ್ಲಿ ತೀರ್ಪು ಯಾರದು?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೇಸು ಎಂದರೆ ಊರುಗಳ ದೊಡ್ಡ ಮಂದಿಗೆ ನೆನಪಾಗುತ್ತಿದ್ದುದು ಕುದುರೆ. 1891ರಲ್ಲೇ ಮೈಸೂರಿನಲ್ಲಿ ರೇಸ್ ಕ್ಲಬ್ ಸ್ಥಾಪನೆಯಾಗಿತ್ತು. ಆದರೆ ಘಟ್ಟದ ಕೆಳಗಿನ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಓಟ ಎಂದರೆ ಕೋಣದ ಓಟ. ವಿಜಯನಗರದ ಕಾಲದಲ್ಲಿ ಹತ್ತಿರದ ಭಟ್ಕಳದ ಬಂದರಿನಲ್ಲಿ ಅರಬ್ ಕುದುರೆಗಳು ಇಳಿಯುತ್ತಿದ್ದುದು ನಿಜ. ಅವು ಘಟ್ಟ ಹತ್ತಿ ರಾಜಧಾನಿಗೆ ಹೋದವು, ಕರಾವಳಿಯಲ್ಲಿ ನಿಲ್ಲಲಿಲ್ಲ. ಜಡಿಮಳೆಯ, ಕೆಸರುಗದ್ದೆಯ ಈ ನಾಡಿನಲ್ಲಿ ರೈತನಿಗೆ ಬೇಕಾದದ್ದು ಕೋಣವೇ. ಬಸರೂರಿನ ಬಂದರಿನಿಂದ ಹಡಗು ಹತ್ತುತ್ತಿದ್ದ ಅಕ್ಕಿಯ ಹಿಂದೆ ಇದ್ದದ್ದೂ ಅದರ ಹೆಗಲೇ.

ಆ ಕಾಲದ ಕಂಬಳ ಹೇಗಿತ್ತು ಎಂಬುದಕ್ಕೆ ಒಂದು ಒಳ್ಳೆಯ ದಾಖಲೆ ಉಳಿದಿದೆ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನಿಂದ ಸಿದ್ಧಪಡಿಸಿ, 1909ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ, ಬಂಟರ ವಿಷಯ ಬರುವಲ್ಲಿ ಹಾರ್ಡಿಂಗ್ ಎಂಬವರು ಬರೆದ ಕಂಬಳದ ವಿವರ ಸೇರಿದೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರ ಅದು. ಸಿರಿವಂತ ಬಂಟರು, ಜೈನರು ಮುಂತಾದ ಭೂಮಾಲೀಕರು ಕಂಬಳಕ್ಕೆಂದೇ ಗದ್ದೆಯನ್ನೂ ಜೋಡಿ ಕೋಣಗಳನ್ನೂ ಇಟ್ಟುಕೊಳ್ಳುತ್ತಿದ್ದರು, ಬಿಲ್ಲವರೂ ಈ ಓಟಕ್ಕೆ ಇಳಿದಿದ್ದರು ಎಂದು ಅದು ಹೇಳುತ್ತದೆ. ಜೋಡಿಯೊಂದರ ಬೆಲೆ 150ರಿಂದ 500 ರೂಪಾಯಿ. ಬೇಸಾಯದ ಆರಂಭದಲ್ಲಿ ಒಮ್ಮೊಮ್ಮೆ ಉಳುಮೆಗೆ ಕಟ್ಟುವುದು ಬಿಟ್ಟರೆ ಈ ಕೋಣಗಳಿಗೆ ಬೇರೆ ಕೆಲಸವಿರಲಿಲ್ಲ.

ಹಾರ್ಡಿಂಗ್ ಅವರಿಗೆ ವಿಚಿತ್ರವಾಗಿ ಕಂಡದ್ದು ಇನ್ನೊಂದು. ಈ ರೇಸಿನಲ್ಲಿ ಬಹುಮಾನವಿಲ್ಲ, ಬಾಜಿಯಿಲ್ಲ, ಓಟ ಶುರುಮಾಡಿಸುವವನಿಲ್ಲ, ತೀರ್ಪುಗಾರನಿಲ್ಲ, ಗೆಲುವಿನ ಕಂಬವೂ ಇಲ್ಲ. ಒಂದೊಂದು ಜೋಡಿ ಒಂಟಿಯಾಗಿ ಓಡುತ್ತದೆ. ಓಟದ ಬಿರುಸು, ಠೀವಿ, ಎಲ್ಲಕ್ಕಿಂತ ಮುಖ್ಯವಾಗಿ ಚಿಮ್ಮಿದ ಕೆಸರುನೀರಿನ ಎತ್ತರ ಅಗಲಗಳನ್ನು ನೋಡಿ ನೆರೆದ ಜನರೇ ತೀರ್ಮಾನಿಸುತ್ತಾರೆ.

ನೀರಿಗೆ ಯಾಕಿಷ್ಟು ಮಹತ್ವ ಎಂಬುದಕ್ಕೆ ಉತ್ತರ ಬೇಸಾಯದಲ್ಲೇ ಇದೆ. ಉತ್ತ ಗದ್ದೆಯನ್ನು ಸಮ ಮಾಡಲು ರೈತ ಕೋಣಗಳ ಹಿಂದೆ ಹಲಗೆ ಕಟ್ಟಿ, ಭಾರಕ್ಕೆಂದು ತಾನೇ ಅದರ ಮೇಲೆ ನಿಲ್ಲುತ್ತಾನೆ. ನಾಟಿಯ ದಿನಗಳಲ್ಲಿ ಹುಡುಗರು ಈ ಹಲಗೆಗಳ ಮೇಲೆಯೇ ಪಂತ ಕಟ್ಟಿ ಓಡಿಸುತ್ತಿದ್ದರು. ಓಟದ ಹಲಗೆ ಬೆಳೆದದ್ದು ಅದರಿಂದ. ಅದಕ್ಕೆ ತೂತು ಕೊರೆದಿರುತ್ತಾರೆ. ಓಡಿಸುವವನು ಹಲಗೆಯ ಮೇಲೆ ಕಾಲೂರಿ ನಿಲ್ಲುತ್ತಾನೆ. ಕೋಣ ವೇಗ ಹಿಡಿದಾಗ ಅಡಿಯಲ್ಲಿ ಸಿಕ್ಕಿಕೊಂಡ ನೀರು ತೂತಿನಿಂದ ಕಾರಂಜಿಯಂತೆ ಮೇಲೇಳುತ್ತದೆ. ಇಂದಿನ ಕಂಬಳಗಳ 'ಕೆನೆಹಲಗೆ' ವಿಭಾಗ ಇದೇ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ನೀರು ಹಾಯಬೇಕು. ಅಡ್ಡ ಹಲಗೆ, ಹಗ್ಗ, ನೇಗಿಲು ಉಳಿದ ವಿಭಾಗಗಳು. ಹೆಸರುಗಳೆಲ್ಲ ಹೊಲದ ಕೆಲಸದವೇ.

ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದಂತೆ ತುಳು ಹಿಂದೆ ಸರಿದು ಕುಂದಾಪ್ರ ಕನ್ನಡ ಕಿವಿಗೆ ಬೀಳುತ್ತದೆ. ಭಾಷೆ ಬದಲಾದರೂ ಕಂಬಳ ಬದಲಾಗುವುದಿಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು, ವಂಡಾರು, ಚೋರಾಡಿ, ಮೊಳಹಳ್ಳಿ, ಬೈಂದೂರಿನ ಬಳಿಯ ತಗ್ಗರ್ಸೆ ಈ ಭಾಗದ ಹೆಸರಾದ ಕಂಬಳದ ಊರುಗಳು. ಇಲ್ಲಿ ಕಂಬಳ ಮನೆತನಕ್ಕೆ, ದೈವಕ್ಕೆ, ಬೆಳೆಗೆ ಅಂಟಿಕೊಂಡದ್ದು. ಕಾರ್ತಿ ಬೆಳೆಯ ಕೊಯ್ಲು ಮುಗಿದ ಮೇಲೆ ನೀರು ನಿಲ್ಲುವ ಬೈಲಿನ ದೊಡ್ಡ ಗದ್ದೆಯನ್ನು ಉತ್ತು ಹದಮಾಡುತ್ತಾರೆ. ದೈವಕ್ಕೆ ಪೂಜೆ ಸಂದ ಮೇಲೆ ಮನೆಯ ಕೋಣಗಳು ಗದ್ದೆಗಿಳಿಯುತ್ತವೆ, ಊರವರ ಕೋಣಗಳು ಅನಂತರ. ಓಟದ ತುಳಿತದಿಂದ ಹದಗೊಂಡ ಕೆಸರಿಗೆ ಮುಂದಿನ ಬೆಳೆ ಬೀಳುತ್ತದೆ.

ಹಾಗೆಂದು ಆ ಕಾಲವನ್ನು ಬಣ್ಣದ ಕನ್ನಡಕದಲ್ಲಿ ನೋಡುವಂತಿಲ್ಲ. ಮೊದಲು ಯಾರ ಕೋಣ ಇಳಿಯಬೇಕು ಎಂಬುದರಲ್ಲೇ ಊರಿನ ಮೇಲು ಕೀಳು ಇತ್ತು. ಎಲ್ಲಕ್ಕಿಂತ ಕೆಳಗೆ ನಿಲ್ಲಿಸಲ್ಪಟ್ಟವರು ಕೊರಗರು. ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಡೋಲು ಬಡಿಯುತ್ತ ಗದ್ದೆ ಕಾಯುವುದು ಅವರ ಪಾಲಿಗೆ ಹೊರಿಸಿದ ಕೆಲಸ. ಬೆಳಗ್ಗೆ ಕೋಣಗಳಿಗಿಂತ ಮೊದಲು ಅವರನ್ನೇ ಗದ್ದೆಯಲ್ಲಿ ಓಡಿಸುವ ಪದ್ಧತಿಯೂ ಇತ್ತು. ಕೆಸರಿನಲ್ಲಿ ಮುಳ್ಳೋ ಗಾಜೋ ಇದ್ದರೆ ಅದು ಕೋಣದ ಕಾಲಿಗೆ ತಾಗುವ ಬದಲು ಮನುಷ್ಯನ ಕಾಲಿಗೆ ತಾಗಲಿ ಎಂಬ ಲೆಕ್ಕ ಅದು. ಇಂಥ 'ಅಜಲು' ಪದ್ಧತಿಗಳನ್ನು ಕರ್ನಾಟಕ ಕಾನೂನಿನ ಮೂಲಕ ನಿಷೇಧಿಸಿದ್ದು 2000ದಲ್ಲಿ, ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ.

ಗದ್ದೆಯ ಒಡೆತನವೂ ಬದಲಾಯಿತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಗೇಣಿ ಅಕ್ಕಿಯ ಬಲದಿಂದ ಕೋಣ ಸಾಕುತ್ತಿದ್ದ ದೊಡ್ಡಮನೆಗಳ ಕೈ ಸಡಿಲವಾಯಿತು. ಇದೇ ಹೊತ್ತಿಗೆ ದಕ್ಷಿಣದ ತುಳುನಾಡಿನಲ್ಲಿ ಎರಡು ಕರೆಗಳ 'ಜೋಡುಕರೆ' ಕಂಬಳ ಬೆಳೆಯಿತು. ಕಾರ್ಕಳದ ಬಳಿಯ ಬಜಗೋಳಿಯಲ್ಲಿ 1970ರ ಸುಮಾರಿಗೆ ಆರಂಭವಾದ ಲವ-ಕುಶ ಕಂಬಳ ಅದಕ್ಕೆ ಮಾದರಿಯಾಯಿತು. ಮನೆತನದ ಜಾಗಕ್ಕೆ ಸಮಿತಿ ಬಂತು, ಬಹುಮಾನಕ್ಕೆ ಚಿನ್ನ ಬಂತು, ಜನರ ಕಣ್ಣಳತೆಯ ಜಾಗಕ್ಕೆ ಗಡಿಯಾರ ಬಂತು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಹೋಲಿಕೆ ಸಲ್ಲದು. ಬೋಲ್ಟ್ ಒಬ್ಬರೇ ಓಡಿದವರು. ಕಂಬಳದ ಓಟಗಾರನನ್ನು ಎರಡು ಕೋಣಗಳು ಸೆಳೆಯುತ್ತವೆ, ಅವುಗಳ ವೇಗಕ್ಕೆ ಸರಿಯಾಗಿ ಬೀಳದೆ ಕಾಲಿಡುವುದೇ ಅವನ ವಿದ್ಯೆ.

ಕೊನೆಗೆ ತೀರ್ಪು ನ್ಯಾಯಾಲಯಕ್ಕೂ ಹೋಯಿತು. ಜಲ್ಲಿಕಟ್ಟು ಕುರಿತ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಕಾಯಿದೆಗೆ ರಾಜ್ಯ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ನೋವು ಕೊಡಬಾರದು ಎಂಬ ಕಟ್ಟು ಮಾತ್ರ ಉಳಿದಿದೆ.

ನ್ಯಾಯಾಲಯ ಉಳಿಸಿಕೊಟ್ಟದ್ದು ಓಟವನ್ನು. ಗದ್ದೆಯನ್ನು ಉಳಿಸುವುದು ಅದರ ಕೈಯಲ್ಲಿಲ್ಲ. ಟಿಲ್ಲರು ಬಂದ ಮೇಲೆ ಉಳುವ ಕೋಣ ಹಟ್ಟಿಯಿಂದ ಮರೆಯಾಗುತ್ತಿದೆ, ಬೈಲುಗಳು ತೋಟವಾಗುತ್ತಿವೆ ಇಲ್ಲವೆ ಹಡಿಲು ಬೀಳುತ್ತಿವೆ. ಜೋಡುಕರೆಯ ಕಂಬಳಕ್ಕೆ ಬೇಸಾಯದ ಹಂಗಿಲ್ಲ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕರೆ ತೋಡಿ ಕೋಣ ಓಡಿಸಿದ್ದಾಗಿದೆ. ಕುಂದಾಪುರ ಸೀಮೆಯ ಕಂಬಳ ಹಾಗಲ್ಲ. ಓಟ ಮುಗಿದ ಗದ್ದೆಯಲ್ಲಿ ಭತ್ತ ಬೆಳೆಯುವವರಿದ್ದರೆ ಮಾತ್ರ ಅದಕ್ಕೆ ಅರ್ಥ.