ಅಟ್ಟಕ್ಕೆ ಬಂದ ಒಕ್ಕಲು

ಕಳೆದ ಮಳೆಗಾಲದ ಒಂದು ಸಂಜೆ, ಅಡಿಕೆಹಾಳೆ ತರಲೆಂದು ಅಟ್ಟ ಹತ್ತಿದ ಅಮ್ಮ ಅರ್ಧ ಏಣಿಯಿಂದಲೇ ಇಳಿದು ಬಂದಳು. "ಮೇಲೆ ಹುಳ ಇದ್ದು" ಎಂದಳು. ಸಾಗರದ ಕಡೆಯ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಹಾವು ಎನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಅಮ್ಮ ನೋಡಿದ್ದು ಹಾವನ್ನಲ್ಲ, ಪಕಾಸಿಗೆ ಜೋತುಬಿದ್ದ ಪೊರೆಯನ್ನು. ಬೆಳಿಗ್ಗೆ ಅಪ್ಪ ಅದನ್ನು ಬಿಡಿಸಿ ತಂದು ಜಗಲಿಯ ಮೇಲೆ ಹಾಸಿದರು. ಈರುಳ್ಳಿ ಸಿಪ್ಪೆಯಷ್ಟು ಹಗುರ. ಹಾವಿಗೆ ಕಣ್ಣಿನ ರೆಪ್ಪೆಯಿಲ್ಲ. ಕಣ್ಣು ಮುಚ್ಚಿದ ಪಾರದರ್ಶಕ ಬಿಲ್ಲೆಗಳೆರಡೂ ಪೊರೆಯ ಜೊತೆಗೇ ಕಳಚಿ ಬಂದಿದ್ದವು. ಗೇಣು ಹಾಕಿ ಅಳೆದರೆ ಒಂಬತ್ತು. ಕಳಚುವಾಗ ಪೊರೆ ಹಿಗ್ಗುವುದರಿಂದ ಹಾವು ಅದಕ್ಕಿಂತ ಗಿಡ್ಡವೇ ಇರುತ್ತದೆ ಎಂದು ನಾನು ಹೇಳಿದ್ದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಕೇರೆ ಇರಬೇಕು ಎಂದರು ಅಪ್ಪ. ಮಧ್ಯಾಹ್ನ ಹಂಚಿನ ಸಂದಿಯ ಬಿಸಿಲಿಗೆ ತಲೆ ಚಾಚಿದ್ದನ್ನು ಕಂಡೆವು: ದೊಡ್ಡ ಕಣ್ಣು, ತುಟಿಯ ಮೇಲೆ ಅಡ್ಡಡ್ಡ ಕಪ್ಪು ಗೆರೆ. ಕೇರೆಯೇ.

ಹಾವು ಅಟ್ಟಕ್ಕೆ ಬರುವುದು ಮುಖ್ಯವಾಗಿ ಇಲಿಯ ಜಾಡು ಹಿಡಿದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿ ಮಲೆನಾಡಿನ ಸೋಗೆ, ಹುಲ್ಲಿನ ಮನೆಗಳೆಲ್ಲ ಒಂದೊಂದಾಗಿ ಹಂಚು ಹೊದ್ದವು. ಹಂಚಿನ ಕೆಳಗೆ ರೀಪು, ರೀಪಿನ ಕೆಳಗೆ ಪಕಾಸು, ಸಂದಿ ಎಷ್ಟು ಬೇಕಾದರೂ. ಮೊದಲು ಅಡುಗೆಮನೆಯ ಒಲೆ, ಬಚ್ಚಲ ಒಲೆಯ ಹೊಗೆ ದಿನವಿಡೀ ಅಟ್ಟಕ್ಕೇರುತ್ತಿತ್ತು, ಜನವೂ ಹತ್ತಿ ಇಳಿಯುತ್ತಿದ್ದರು. ಈಗ ಅಡುಗೆಗೆ ಗ್ಯಾಸು ಬಂದಿದೆ, ಅಟ್ಟದಲ್ಲಿ ಮದುವೆಯ ಹಂಡೆ, ಹಳೇ ಗೋಣಿ, ಕೆಟ್ಟ ಮಿಕ್ಸಿ. ಇಲಿಗೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಸಿಗದು.

ಕೇರೆಗೆ ವಿಷವಿಲ್ಲ. ನಾಗರದ ಜೊತೆ ಕೂಡುತ್ತದೆ ಎನ್ನುವುದೂ ಕಟ್ಟುಕತೆ. ಹೆಣೆದುಕೊಂಡು ಎದ್ದು ನಿಲ್ಲುವವು ಬಹುಪಾಲು ಕುಸ್ತಿಗಿಳಿದ ಎರಡು ಗಂಡು ಕೇರೆಗಳು. ಆದರೆ ಕೇರೆ ಇದ್ದಲ್ಲಿಗೆ ಅದನ್ನು ತಿನ್ನುವ ಕಾಳಿಂಗವೂ ಬರಬಹುದು. ಪಶ್ಚಿಮಘಟ್ಟದ ಕಾಳಿಂಗ ಬೇರೆಯದೇ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಸಾರಿದರು. ಅದಕ್ಕೆ ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ನಮ್ಮ ಮಾತು ಶಾಸ್ತ್ರದ ಪುಸ್ತಕ ಸೇರಿತು.

ಗೋಡೆ ಏರಿ ಹಲ್ಲಿ ಹುಡುಕುವ ತೋಳಹಾವಿನ ವಿಷಯದಲ್ಲಿ ಮಾತ್ರ ಹುಷಾರಿರಬೇಕು. ಅದು ನಿರುಪದ್ರವಿ, ಆದರೆ ನೋಡಲು ಕಡಂಬಳ ಎಂದೂ ಕರೆಯುವ ಕಟ್ಟುಹಾವಿನ ಹಾಗೇ. ತೋಳಹಾವಿನ ಪಟ್ಟೆ ಕುತ್ತಿಗೆಯ ಕಡೆ ಎದ್ದು ಕಂಡು ಬಾಲದತ್ತ ಮಸಕಾಗುತ್ತದೆ. ಕಟ್ಟುಹಾವಿನದು ಸಾಮಾನ್ಯವಾಗಿ ಇದಕ್ಕೆ ತಿರುಗಾಮುರುಗಾ. ಇದನ್ನು ಓದಿ ಟಾರ್ಚು ಹಿಡಿದು ಹತ್ತಿರ ಹೋಗಿ ಪಟ್ಟೆ ಎಣಿಸಬೇಡಿ. ಕಟ್ಟುಹಾವು ಕಚ್ಚಿದ್ದು ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು, ಗಾಯವೂ ಕಾಣದಿರಬಹುದು. ನಡುರಾತ್ರಿ ಹೊಟ್ಟೆನೋವು, ಆಮೇಲೆ ಕಣ್ಣಿನ ರೆಪ್ಪೆ ಜಗ್ಗುವುದು. ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ನಿಯಮ ತಂದಿದೆ. ನೆಲದ ಮೇಲೆ ಮಲಗುವ ಮನೆಗಳಲ್ಲಿ ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಕೊಂಡರೆ ಅದೇ ದೊಡ್ಡ ಕಾವಲು.

ನಮ್ಮ ನೆರೆಮನೆಯವರು ಒಮ್ಮೆ ಹಾವು ಕಂಡ ದಿನವೇ ಗಾರೆಯವನನ್ನು ಕರೆಸಿ ಅಟ್ಟದ ಸಂದಿಗಳನ್ನೆಲ್ಲ ಮುಚ್ಚಿಸಿದರು. ಹಾವು ಒಳಗೇ ಉಳಿಯಿತು. ಮೂರನೇ ದಿನ ಇಳಿದದ್ದು ದೇವರಕೋಣೆಗೆ. ಹೊಗೆ ಹಾಕಿದರೂ ಅಷ್ಟೇ, ಅದು ಯಾವ ಕಡೆ ಓಡುತ್ತದೋ ಹೇಳಲಾಗದು. ಬೆಳ್ಳುಳ್ಳಿ, ಫಿನಾಯಿಲು ನಂಬಿ ಕೂರುವಂತಿಲ್ಲ. ಅಂಟುಹಲಗೆ ಇಟ್ಟರೆ ಇಲಿಯ ಬದಲು ಹಾವೇ ಸಿಕ್ಕಿಕೊಂಡು ನರಳುತ್ತದೆ. ಹೊಡೆಯುವುದಂತೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಾಗರವೋ ಕಾಳಿಂಗವೋ ಎಂಬ ಅನುಮಾನವಿದ್ದರೆ ಏಣಿ ತೆಗೆದು, ಅಟ್ಟದ ಬಾಗಿಲು ಹಾಕಿ, ಅರಣ್ಯ ಇಲಾಖೆಗೋ ಹಾವು ಹಿಡಿಯಲು ಬಲ್ಲವರಿಗೋ ಫೋನು ಮಾಡಬೇಕು.

ನಮ್ಮದು ಕೇರೆಯಾದ್ದರಿಂದ ಅಪ್ಪ ಅವಸರ ಮಾಡಲಿಲ್ಲ. ಅದು ಬಂದುಹೋಗುವ ಸಂದಿಯೊಂದನ್ನು ತೆರೆದೇ ಬಿಟ್ಟು, ಅಲ್ಲಿನ ಹಲಗೆಯ ಮೇಲೆ ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿದರು. ನಾಲ್ಕನೇ ದಿನ ಬೂದಿಯ ಮೇಲೆ ಹಗ್ಗ ಎಳೆದಂಥ ಒಂದು ಗುರುತು. ಸಮ ಮಾಡಿ ಮತ್ತೆರಡು ದಿನ ಕಾದೆವು. ಹಾವಿನ ಗುರುತು ಮತ್ತೆ ಮೂಡಲಿಲ್ಲ. ಹಂಡೆ, ಗೋಣಿ ಎಲ್ಲ ಕೆಳಗಿಳಿಸಿ ಮೂಲೆ ಮೂಲೆ ನೋಡಿ, ಮಾಡಿಗೆ ತಾಗಿದ ಹಲಸಿನ ಟೊಂಗೆ ಕಡಿದು, ಸಂದಿಗಳಿಗೆ ಸಣ್ಣ ಕಣ್ಣಿನ ತಂತಿಜಾಲರಿ ಹೊಡೆಸಿದೆವು.

ಜಾಲರಿ ಹೊಡೆಯುವ ಮುಂಚೆ ಅಮ್ಮ ಒಂದು ಸಲ ಬೂದಿ ನೋಡಿ ಬಂದಿದ್ದಳು. ಅದರ ತುಂಬ ಇಲಿಯ ಪುಟ್ಟ ಪುಟ್ಟ ಹೆಜ್ಜೆ.

"ಕೆಲಸ ಅರ್ಧಕ್ಕೇ ಬಿಟ್ಟು ಹೋತು" ಎಂದಳು.